ರಾಡಿ ನೀರಿನ ಬೆನ್ನು ಹತ್ತಿ

ಸೊಸೆಯ ನೌಕರಿ ಏನೆಂದು ಯಾರಾದರೂ ಕೇಳಿದರೆ ಮುಡಬಿಯ ದ್ರೌಪತಿಗೆ ಮೊದಮೊದಲು ಬಾಯಿ ಕಟ್ಟಿದಂತಾಗುತ್ತಿತ್ತು. ಟೀಚರ್ ಅಂದರೆ ಒಂದೇ ಮಾತಿಗೆ ಮುಗಿಯುತ್ತದೆ, ನರ್ಸ್ ಅಂದರೂ ಮುಗಿಯುತ್ತದೆ. ರತ್ನಮಾಲಾಳ ಕೆಲಸ ಹಾಗಿರಲಿಲ್ಲ. ಮಳೆ ಜೋರಾಗಿ ಹಳ್ಳಕ್ಕೆ ರಾಡಿ ನೀರು ಬಂತೆಂದರೆ ಊರ ಮಂದಿಯೆಲ್ಲ ಮನೆಯೊಳಗೆ ಓಡುವಾಗ ಇವಳು ಮನೆಯಿಂದ ಹೊರಗೆ ಓಡುತ್ತಿದ್ದಳು. ಸೇತುವೆಯ ಮೇಲೆ ನಿಂತು, ಹಗ್ಗಕ್ಕೆ ಕಟ್ಟಿದ ಬಾಟಲಿಯನ್ನು ನೀರಿಗೆ ಬಿಟ್ಟು, ತುಂಬಿಸಿ ಮೇಲೆಳೆದು ಮನೆಗೆ ತರುತ್ತಿದ್ದಳು. ಆಮೇಲೆ ಆ ನೀರನ್ನು ಸೋಸುವುದು, ಉಳಿದ ಮಣ್ಣನ್ನು ಒಣಗಿಸುವುದು, ಅಂಗೈಯಷ್ಟು ಸಣ್ಣ ತಕ್ಕಡಿಯಲ್ಲಿಟ್ಟು ತೂಗುವುದು.

“ಮಂದಿ ಬಂಗಾರ ತೂಗತಾರ, ನಮ್ಮ ಸೊಸಿ ಮಣ್ಣ ತೂಗತಾಳ,” ಎಂದು ದ್ರೌಪತಿಯ ಗಂಡ ವೈಜಿನಾಥ ಚಹಾದಂಗಡಿಯಲ್ಲಿ ಹೇಳಿಕೊಂಡು ನಗುತ್ತಿದ್ದ. ಮಾತು ಚೇಷ್ಟೆಯದೇ ಆದರೂ ಒಳಗೆ ಹೆಮ್ಮೆ ಇತ್ತು. ಕೇಳುವವರಿಗೂ ಅದು ತಿಳಿಯುತ್ತಿತ್ತು.

ರತ್ನಮಾಲಾ ಘಾಟಬೋರಾಳದ ಹುಡುಗಿ. ಕಲಬುರಗಿಯಲ್ಲಿ ಭೂವಿಜ್ಞಾನ ಓದಿ, ಒಂದು ಸಂಶೋಧನಾ ಯೋಜನೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಈ ಕಡೆಯ ದಿನ್ನೆ-ಹೊಲಗಳಿಂದ ತೊಳೆದುಹೋಗುವ ಮಣ್ಣು ಹಳ್ಳ ಹಿಡಿದು, ಮುಲ್ಲಾಮಾರಿ ನದಿಗೆ ಬಿದ್ದು, ಕಾಗಿಣಾ, ಭೀಮಾ, ಕೃಷ್ಣಾ ಎಂದು ಕೈಯಿಂದ ಕೈಗೆ ದಾಟಿಕೊಂಡು ಎಷ್ಟು ದೂರ ಹೋಗುತ್ತದೆ, ಎಲ್ಲೆಲ್ಲಿ ತಂಗುತ್ತದೆ, ಕಡೆಗೆ ಸಮುದ್ರಕ್ಕೆ ಎಷ್ಟು ಮುಟ್ಟುತ್ತದೆ ಎಂದು ಅಳೆಯುವ ಕೆಲಸ ಅದು. ಮದುವೆಯ ಮಾತುಕತೆಯಾಗುವಾಗ, ನೌಕರಿ ಬಿಡುವುದಿಲ್ಲ ಎಂದು ಅವಳು ಮೊದಲೇ ಹೇಳಿದ್ದಳು. ದ್ರೌಪತಿಯ ಮಗ ಸಂಘರತ್ನ ಮುಡಬಿಗೂ ಬಸವಕಲ್ಯಾಣಕ್ಕೂ ನಡುವೆ ಆಟೋ ಓಡಿಸುತ್ತಿದ್ದವ. “ನಾ ಆಟೋ ಓಡಸ್ತೀನಿ, ನೀ ನೀರಿನ ಹಿಂದ ಓಡು. ಮನಿ ಯಾರರ ನಡಸ್ತಾರ ಬಿಡು,” ಅಂದುಬಿಟ್ಟಿದ್ದ. ಆ ‘ಯಾರರ’ ತಾನೇ ಎಂಬುದು ಪಕ್ಕದಲ್ಲಿ ಕೂತಿದ್ದ ದ್ರೌಪತಿಗೆ ಆಗಲೇ ತಿಳಿದಿತ್ತು.

ಮದುವೆಯಾದ ಮೊದಲ ಮಳೆಗಾಲದಲ್ಲಿ ದ್ರೌಪತಿ ಗೊಣಗುತ್ತಲೇ ಕೊಡೆ ಹಿಡಿದು ಸೊಸೆಯ ಹಿಂದೆ ಸೇತುವೆಗೆ ಹೋದಳು. ಹೊಸ ಸೊಸೆ ಗುಡುಗು ಮಿಂಚಿನಲ್ಲಿ ಒಬ್ಬಳೇ ನಿಂತರೆ ಮಂದಿ ಏನಂದಾರು ಎನ್ನುವುದಕ್ಕಿಂತ, ಹುಡುಗಿಗೆ ನೆಗಡಿ ಜ್ವರ ಬಂದರೆ ಎಂಬ ಚಿಂತೆಯೇ ದೊಡ್ಡದಾಗಿತ್ತು. ಹೋಗಿ ನೋಡಿದರೆ ಹಳ್ಳ ಎರಡು ಬಣ್ಣದಲ್ಲಿ ಹರಿಯುತ್ತಿತ್ತು. ಮೇಲಿನ ಕೆಂಪು ದಿನ್ನೆಗಳ ನೀರು ಒಂದು ಮಗ್ಗುಲಿಗೆ, ಎರೆಹೊಲಗಳ ಕರಿ ನೀರು ಇನ್ನೊಂದು ಮಗ್ಗುಲಿಗೆ. ಸೇತುವೆ ದಾಟಿದ ಮೇಲೆ ಎರಡೂ ಕಲೆತು ಚಹಾದ ಬಣ್ಣ. ಅದೇ ದಂಡೆಯಲ್ಲಿ ವರ್ಷಗಟ್ಟಲೆ ಬಟ್ಟೆ ಒಗೆದಿದ್ದರೂ ದ್ರೌಪತಿ ಒಂದು ದಿನವೂ ಅದನ್ನು ನಿಂತು ನೋಡಿದವಳಲ್ಲ.

ಮೇಲ್ದಂಡೆಯ ಹೊಲದ ಚನ್ನಬಸಪ್ಪ ತಲೆಗೆ ಗೋಣಿಚೀಲ ಹೊದ್ದುಕೊಂಡು ಅತ್ತಲೇ ಬಂದ. “ಏನವಾ ದ್ರೌಪತಿ, ಅತ್ತಿ-ಸೊಸಿ ಕೂಡಿ ನಮ್ಮ ಹೊಲದ ಮಣ್ಣ ಬಾಟಲ್ಯಾಗ ತುಂಬಕೊಂಡ ಹೊಂಟೀರಿ?”

“ನಾವು ಒಂದು ಬಾಟಲಿ ಒಯ್ತೀವ್ರಿ ಕಾಕಾ,” ಎಂದಳು ರತ್ನಮಾಲಾ ಹಗ್ಗ ಎಳೆಯುತ್ತ. “ಹಳ್ಳ ನೋಡ್ರಿ, ಬಂಡಿಗಟ್ಟಲೆ ಒಯ್ಯಾಕತ್ತದ.”

“ಬದು ಹಾಕಿದ್ದೆ. ಒಡಕೊಂಡ ಹೋತು.” ಚನ್ನಬಸಪ್ಪ ಸೇತುವೆಯ ಕಟ್ಟೆಗೆ ಕೈಯೂರಿ ಹರಿಯುವ ನೀರನ್ನೇ ನೋಡಿದ. ಅವನ ದನಿಯಿಂದ ಚೇಷ್ಟೆ ಹೊರಟುಹೋಗಿತ್ತು. “ಎಲ್ಲಿ ಹೋಗಿ ಮುಟ್ಟತದ ಅಂಬೂದರ ತಿಳದು ಹೇಳವಾ. ನಮ್ಮಪ್ಪನೂ ಹಿಂಗೇ ನೋಡ್ಕೋತ ನಿಂದರ್ತಿದ್ದ.”

ಆ ಸಂಜೆ ರತ್ನಮಾಲಾ ಒಂದು ಬಾಟಲಿಯನ್ನು ಅಲುಗಾಡಿಸದೆ ಕಿಟಕಿಯಲ್ಲಿಟ್ಟಳು. ಮೊದಲು ಮರಳು ತಳಕ್ಕಿಳಿಯಿತು. ರಾತ್ರಿ ಕಳೆಯುವಷ್ಟರಲ್ಲಿ ಅದರ ಮೇಲೆ ಹಿಟ್ಟಿನಂಥ ಮಣ್ಣು ಕೂತಿತು. ಆದರೆ ಮೇಲಿನ ನೀರು ಮರುದಿನವೂ, ಅದರ ಮರುದಿನವೂ ಮಬ್ಬಾಗಿಯೇ ಉಳಿಯಿತು.

“ಇದ್ಯಾಕ ಕೂಡವಲ್ದು?” ಎಂದು ದ್ರೌಪತಿ ಕೇಳಿದಳು.

“ಇದು ಬಾಳ ಸಣ್ಣಂದು ಅತ್ತಿ. ಒಂದರ ಕೂಡ ಒಂದು ಹೊಂದವಲ್ದು, ದೂರ ದೂರ ಸರೀತದ. ಹಿಂಗಾಗಿ ತೇಲ್ಕೋತನ ಇರತದ. ಸಮುದ್ರ ಮುಟ್ಟಿದ್ರ ಇದೇ ಮುಟ್ಟಬೇಕು. ಅಲ್ಲಿ ಉಪ್ಪು ನೀರು ಕೂಡಿತು ಅಂದ್ರ ಆಗ ಒಂದಕ್ಕೊಂದು ಅಂಟಿಕೊಂಡು ತಳಕ್ಕ ಕೂಡತದ.”

ದ್ರೌಪತಿ ಕಸ ಗುಡಿಸುವಾಗೆಲ್ಲ ಒಮ್ಮೆ ನಿಂತು ಆ ಬಾಟಲಿ ನೋಡುವುದು ರೂಢಿಯಾಯಿತು. ಸೊಸೆಯ ಕೆಲಸ ಏನೆಂದು ಯಾರಾದರೂ ಕೇಳಿದರೆ, “ಮಣ್ಣ ಎಲ್ಲಿಗಿ ಹೋಗತದ ಅಂತ ನೋಡ್ತಾಳ,” ಎನ್ನಲು ಕಲಿತಳು. ಕೇಳಿದವರು ನಕ್ಕರೆ ತಾನೂ ನಗುತ್ತಿದ್ದಳು.

ಎರಡು ವರ್ಷಕ್ಕೆ ರತ್ನಮಾಲಾಳಿಗೆ ಹೆಣ್ಣು ಕೂಸು ಹುಟ್ಟಿತು. ಪ್ರಜ್ಞಾ ಎಂದು ಹೆಸರಿಟ್ಟರು. ದ್ರೌಪತಿಯ ನಾಲಿಗೆಗೆ ಅದು ಹೊರಳದೆ ‘ಪರಗ್ಯಾ’ ಆಯಿತು. ಕೂಸಿಗೆ ಏಳು ತಿಂಗಳಾದಾಗ ಆಗಸ್ಟ್ ಬಂತು. ಮೇಲಿಂದ ಮೇಲೆ ಮಳೆ ಬಿದ್ದು ಕೃಷ್ಣೆಗೆ ಮಹಾಪೂರ ಬಂತು. ಅಳಿವೆಯಲ್ಲಿ, ಎಂದರೆ ನದಿ ಸಮುದ್ರ ಸೇರುವ ಜಾಗದಲ್ಲಿ, ಕೆಸರು ಅಳೆಯಲು ಇದೇ ಸಮಯ. ವರ್ಷದ ಉಳಿದ ದಿನ ಅಲ್ಲಿಗೆ ನೀರೇ ಸರಿಯಾಗಿ ಹೋಗುವುದಿಲ್ಲ. ಯೋಜನೆಯವರಿಂದ ಫೋನಿನ ಮೇಲೆ ಫೋನು ಬಂದವು. ರತ್ನಮಾಲಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹೊಸ್ತಿಲಲ್ಲಿ ಕೂತು ಕಡೆಗೆ ಹೇಳಿದಳು:

“ಅತ್ತಿ, ನಾ ಈ ಕೆಲಸ ಬಿಡ್ತೀನ್ರಿ. ಈ ಸರ್ತಿ ಹೋಗಲಿಲ್ಲಂದ್ರ ಅವರು ಬ್ಯಾರೆಯವರನ್ನ ತಗೋತಾರ. ತಗೋಲಿ.”

ದ್ರೌಪತಿ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. ತನ್ನ ಹಿರಿಮಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಅವಳು ಕೊಡಂಬಲದ ಹೊಲಗಳಲ್ಲಿ ಕಳೆ ಕಿತ್ತಿದ್ದಳು. ಆಗ ಬಿಡುತ್ತೇನೆ ಎನ್ನುವ ಮಾತೇ ಇರಲಿಲ್ಲ; ಬಿಟ್ಟರೆ ಒಲೆ ಹೊತ್ತುತ್ತಿರಲಿಲ್ಲ. ಈ ಹುಡುಗಿ ಇಷ್ಟಪಟ್ಟು ಮಾಡುವ ಕೆಲಸ ಬಿಡುತ್ತೇನೆ ಅನ್ನುತ್ತಿದ್ದಾಳೆ.

“ಬಿಡೂದ್ಯಾಕ? ಕೂಸಿನ್ನ ನಾ ಹಿಡಕೋತೀನಿ.”

“ಕೆಲಸ ಇಲ್ಲಿ ಅಲ್ರಿ. ಅಲ್ಲಿ, ಸಮುದ್ರದ ದಂಡಿಗಿ.”

“ಅಲ್ಲೇ ಹಿಡಕೋತೀನಿ. ನನಗೇನು ಸಮುದ್ರ ಕಚ್ಚತದೇನು?”

ವೈಜಿನಾಥನಿಗೆ ಈ ಮಾತು ಕೇಳಿ ಮೊದಲು ನಗು ಬಂತು, ಆಮೇಲೆ ಗಾಬರಿಯಾಯಿತು. ಹೆಂಡತಿ ಬೀದರಿನಿಂದಾಚೆ ಹೋದವಳಲ್ಲ. ಆದರೂ ತಾನೇ ಸಂತೆಗೆ ಹೋಗಿ ಕೂಸಿಗೆ ಟೋಪಿ ತಂದ. ಸಂಘರತ್ನ ಮೂವರನ್ನೂ ಆಟೋದಲ್ಲಿ ಹುಮನಾಬಾದಿಗೆ ಕರೆತಂದು ಬಸ್ಸು ಹತ್ತಿಸುವಾಗ, ಊರ ಮುಂದಿನ ಹೈವೇ ತೋರಿಸಿ, “ಅವ್ವಾ, ಇದೇ ರೋಡ ಸೀದಾ ಮಚಲಿಪಟ್ಟಣಕ್ಕ ಹೋಗತದ. ದಾರಿ ತಪ್ಪೂ ಸವಾಲೇ ಇಲ್ಲ,” ಎಂದ. ದ್ರೌಪತಿಗೆ ಅದರಿಂದ ದೊಡ್ಡ ಧೈರ್ಯ ಬಂತು. ಹೈದರಾಬಾದಿನಲ್ಲಿ ಬಸ್ಸು ಬದಲಾಯಿಸುವಾಗಲೂ, “ಇದು ನಮ್ಮ ಹುಮನಾಬಾದ ರೋಡೇ ಹೌದಲ್ಲ?” ಎಂದು ಕೇಳಿಕೊಂಡಳು.

ವಿಜಯವಾಡದಲ್ಲಿ ಕೃಷ್ಣೆ ಕಂಡಿತು. ಬ್ಯಾರೇಜಿನ ಬಾಗಿಲುಗಳನ್ನೆಲ್ಲ ಎತ್ತಿದ್ದರು. ಕೆನೆಗಟ್ಟಿದ ಚಹಾದಂಥ ನೀರು ಮೊರೆಯುತ್ತ ಕೆಳಗೆ ಬೀಳುತ್ತಿತ್ತು.

“ಇದ್ರಾಗ ನಮ್ಮ ಹಳ್ಳದ್ದೂ ಅದ ಏನು?” ಎಂದು ದ್ರೌಪತಿ ಕೇಳಿದಳು.

“ನೀರು ಇರಬಹುದ್ರಿ. ಮಣ್ಣ ಹೇಳಾಕ ಬರಂಗಿಲ್ಲ.” ರತ್ನಮಾಲಾ ಕೂಸಿನ ಟೋಪಿ ಸರಿಮಾಡುತ್ತ ಹೇಳಿದಳು. “ನಡುವ ಎಷ್ಟೊಂದು ಡ್ಯಾಮ್ ಅವ. ನೀರು ಓಡೂ ತನಕ ಮಣ್ಣ ಹೊತ್ತಕೊಂಡ ಓಡತದ, ನಿಂತಿತು ಅಂದ್ರ ಕೆಳಗ ಇಳಸ್ತದ. ನಮ್ಮ ಮರಳು ಎಲ್ಲಾ ದಾರ್‍ಯಾಗೇ ಇಳದಿರತದ. ಆ ಬಾಟಲ್ಯಾಗ ಮಬ್ಬ ಇತ್ತಲ್ಲ, ಅಂಥಾದು ಒಂದು ಚಿಟಿಕಿ ಬಂದಿದ್ರ ಬಂದಿರಬೇಕು. ಹಿಂಗಾಗಿ ಸಮುದ್ರದ ದಂಡಿಗಿ ಈಗ ಮಣ್ಣ ಸಾಲವಲ್ದು. ಹೊಸಾದು ಬರಂಗಿಲ್ಲ, ಇದ್ದದ್ದು ತೆರಿ ಕೊರಕೊಂಡ ಒಯ್ತಾವ.”

ದ್ರೌಪತಿಗೆ ಚನ್ನಬಸಪ್ಪನ ಮುಖ ಕಣ್ಣ ಮುಂದೆ ಬಂತು. ಒಂದು ಕಡೆ ಹೊಲ ತೊಳೆದುಹೋಯಿತೆಂದು ಮರುಗುವವರು, ಇನ್ನೊಂದು ಕಡೆ ಅದೇ ಮಣ್ಣು ಬಂದು ಮುಟ್ಟಲಿಲ್ಲವೆಂದು ಮರುಗುವವರು. ಒಬ್ಬರ ಗುರುತು ಒಬ್ಬರಿಗಿಲ್ಲ.

ಅಳಿವೆಯ ಹತ್ತಿರದ ಮೀನುಗಾರರ ಕೇರಿಯಲ್ಲಿ ಅವರಿಗೆ ಒಂದು ಕೋಣೆ ಸಿಕ್ಕಿತು. ದೋಣಿ ನಡೆಸುವವ ಶಂಶುದ್ದೀನ್, ತೆಳ್ಳಗೆ ಎತ್ತರದ, ಸದಾ ವೀಳ್ಯದೆಲೆ ಜಗಿಯುವ ಮನುಷ್ಯ. ಯೋಜನೆಯ ಇನ್ನೊಬ್ಬ ಕೆಲಸಗಾರ ಅಂಬರೀಷ ಮೊದಲೇ ಬಂದಿದ್ದ. ಅಲ್ಲಿಯ ಮಾತೆಲ್ಲ ತೆಲುಗು; ರತ್ನಮಾಲಾ ಒಂದೊಂದೇ ಶಬ್ದ ಹೆಕ್ಕಿ ಮಾತನಾಡುತ್ತಿದ್ದಳು. ಶಂಶುದ್ದೀನ್ ಮಾತ್ರ ತನ್ನ ಹೆಂಡತಿಯನ್ನು ಕೂಗಿ, “ಪಾನಿ ಲಾವೋ ಗೇ,” ಅಂದಾಗ ದ್ರೌಪತಿಯ ಕಿವಿ ನೆಟ್ಟಗಾಯಿತು. ಬಸವಕಲ್ಯಾಣದ ಬಜಾರಿನಲ್ಲಿ ಬದನೆಕಾಯಿ ಮಾರಿ ಬೆಳೆದ ದ್ರೌಪತಿಗೆ ಆ ಮಾತು ಮನೆಮಾತಿನಷ್ಟೇ ಬಳಕೆ. “ಅರೇ, ತುಮೇ ಹಮಾರೀಚ್ ಬಾತ್ ಕರತೇ!” ಎಂದಳು. ನೀವೂ ನಮ್ಮ ಮಾತೇ ಆಡುತ್ತೀರಲ್ಲ! ಶಂಶುದ್ದೀನನ ಹೆಂಡತಿ ಸಾಜಿದ ಸೊಂಟದಲ್ಲಿದ್ದ ಗಂಡುಕೂಸಿನೊಂದಿಗೆ ಹೊರಗೆ ಬಂದವಳು ಅಲ್ಲೇ ನಿಂತು ನಕ್ಕಳು. ಅಂದಿನಿಂದ ಇಬ್ಬರದೂ ದಖನಿ ಉರ್ದುವಿನಲ್ಲೇ ಮಾತು.

ಸಾಜಿದ ನೀರಿನ ಲೋಟ ಚಾಚಿದಾಗ ದ್ರೌಪತಿ ಅರಿವಿಲ್ಲದೆ ಬೊಗಸೆ ಒಡ್ಡಿದಳು. ಚಿಕ್ಕಂದಿನಲ್ಲಿ ಪರರ ಮನೆಯ ಮುಂದೆ ನೀರು ಕುಡಿದ ರೀತಿ ಅದು. ಮನಸ್ಸು ಮರೆತರೂ ಕೈ ಮರೆತಿರಲಿಲ್ಲ. ಸಾಜಿದ ಕ್ಷಣಹೊತ್ತು ಆ ಬೊಗಸೆಯನ್ನು ನೋಡಿ, ಒಂದು ಕೈಯಿಂದ ಅವಳ ಕೈ ಬಿಡಿಸಿ ಲೋಟವನ್ನು ಅದರೊಳಗಿಟ್ಟಳು.

ಮೂರನೆಯ ದಿನ ಬೆಳಿಗ್ಗೆ ಉಬ್ಬರದ ನೀರಿದ್ದಾಗ ದೋಣಿ ಹೊರಟಿತು. ಇಳಿತ ಶುರುವಾಗುವ ಮೊದಲೇ ತಿರುಗಿ ಬರುವುದೆಂದು ಮಾತು. ರತ್ನಮಾಲಾ ಕೂಸಿಗೆ ಹೊಟ್ಟೆ ತುಂಬ ಕುಡಿಸಿ, ಮುತ್ತಿಟ್ಟು ಹೋದಳು. ದ್ರೌಪತಿ ದಂಡೆಯ ತೆಂಗಿನ ಗರಿಯ ಚಪ್ಪರದಡಿ ಕೂಸನ್ನು ಆಡಿಸುತ್ತ ದೋಣಿ ಚುಕ್ಕೆಯಾಗುವುದನ್ನು ನೋಡಿದಳು. ಸಮುದ್ರ ಅವಳು ತಿಳಿದಂತೆ ನೀಲಿ ಇರಲಿಲ್ಲ. ದಡದಿಂದ ಬಹುದೂರದವರೆಗೆ ನದಿಯ ಕಂದು ನೀರು ಸಮುದ್ರದೊಳಗೆ ಚಾಚಿತ್ತು; ಅದರಾಚೆ ಹಸಿರು. ಎರಡರ ನಡುವೆ ನೊರೆಯ ಗೆರೆ, ಯಾರೋ ಸುಣ್ಣದ ನೂಲು ಹಿಡಿದು ಎಳೆದಂತೆ.

ಹೊತ್ತು ನೆತ್ತಿಗೇರಿತು. ನೀರು ಹಿಂದಕ್ಕೆ ಸರಿಯತೊಡಗಿತು. ನೋಡನೋಡುತ್ತಲೇ ದಂಡೆಯ ಮುಂದೆ ಬೂದು ಬಣ್ಣದ ಕೆಸರಿನ ಬಯಲು ಹೊರಬಿತ್ತು. ಸಣ್ಣ ಏಡಿಗಳು ಅದರ ಮೇಲೆ ಓಡಾಡಿದವು. ದೋಣಿ ತಿರುಗಿ ಬರುತ್ತಿರುವುದು ಕಂಡಿತು, ಆಮೇಲೆ ನಿಂತಂತೆ ಕಂಡಿತು. ಫೋನು ಬಂತು.

“ಅತ್ತಿ, ದೋಣಿ ಕೆಸರಾಗ ಹೂತದ್ರಿ.” ರತ್ನಮಾಲಾಳ ದನಿ ಗಾಳಿಯಲ್ಲಿ ಹರಿದು ಹರಿದು ಬಂತು. “ಇಲ್ಲಿ ಮೊದಲು ದಿಬ್ಬ ಇರಲಿಲ್ಲ. ಈ ಮಹಾಪೂರದಾಗ ಹೊಸಾದು ಬಿದ್ದದ. ನೀರ ತಿರುಗಿ ಬರೂ ತನಕ ಅಲಗಾಡಾಕ ಬರಂಗಿಲ್ಲ. ಸಂಜೀ ಆಗತದ. ಕೂಸು ಹ್ಯಾಂಗ ಅದ?”

“ಆಡಾಕತ್ತದ. ಫಿಕರ್ ಮಾಡಬ್ಯಾಡ,” ಎಂದಳು ದ್ರೌಪತಿ.

ಕೂಸು ಆಗ ಆಡುತ್ತಿದ್ದದ್ದು ನಿಜ. ಸ್ವಲ್ಪ ಹೊತ್ತಿಗೆ ಅಳತೊಡಗಿತು. ದ್ರೌಪತಿ ಮನೆಯಿಂದ ತಂದಿದ್ದ ಜೋಳದ ಗಂಜಿ ಮಾಡಿ ಚಮಚದಿಂದ ಹಾಕಿದಳು; ಉಗುಳಿತು. ಅನ್ನ ಕಿವುಚಿ ಹಾಲು ಕಲಸಿ ಹಾಕಿದಳು. ಉಗುಳಿ ಚಮಚವನ್ನೇ ತಳ್ಳಿತು. ಬಾಟಲಿಯ ರಬ್ಬರನ್ನು ಬಾಯಿಗಿಟ್ಟರೆ ಬೆನ್ನು ಬಿಲ್ಲಿನಂತೆ ಬಾಗಿಸಿ ಚೀರಿತು. ಊರಿನಲ್ಲಾಗಿದ್ದರೆ ಗಂಜಿ ಕುಡಿಯುತ್ತಿದ್ದ ಕೂಸು. ಹೊಸ ನೀರು, ಹೊಸ ಸೆಕೆ, ಹೊಸ ಮುಖಗಳು ಅದನ್ನು ಕಂಗೆಡಿಸಿದ್ದವು. ಅತ್ತು ಅತ್ತು ದನಿ ಗೊಗ್ಗರಾಯಿತು. ಅಂಗಾಲು ಬಿಸಿಯಾದವು.

ಮತ್ತೆ ಫೋನು. ಈ ಸಲ ದ್ರೌಪತಿ ಏನೂ ಹೇಳುವ ಮೊದಲೇ ಅಳು ಅತ್ತ ಕಡೆ ಕೇಳಿಸಿತ್ತು. “ಅತ್ತಿ, ನಾ ಇಳದು ನಡಕೋತ ಬರ್ತೀನಿ. ಬಾಳ ದೂರ ಇಲ್ಲ, ನೀವು ಕಾಣಾಕತ್ತೀರಿ.”

ದ್ರೌಪತಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ದೋಣಿಯ ಅಂಚಿನಿಂದ ಒಂದು ಆಕೃತಿ ಕೆಳಗಿಳಿಯಿತು. ಇಳಿದದ್ದೇ ತೊಡೆಯವರೆಗೆ ಕುಸಿಯಿತು. ಮುಂದಕ್ಕೆ ಬಾಗಿ ಕಾಲು ಕೀಳಲು ನೋಡಿ ಸೊಂಟದವರೆಗೆ ಇಳಿಯಿತು. ದೋಣಿಯ ಮೇಲಿದ್ದ ಶಂಶುದ್ದೀನ್, ಅಂಬರೀಷ ಇಬ್ಬರೂ ಬಾಗಿ, ತೋಳು ಹಿಡಿದು, ಬಹಳ ಹೊತ್ತು ಎಳೆದಾಡಿ ಅವಳನ್ನು ಮೇಲೆತ್ತಿಕೊಂಡರು. ದ್ರೌಪತಿ ಅಷ್ಟು ಹೊತ್ತೂ ಫೋನನ್ನು ಕಿವಿಗೇ ಒತ್ತಿ ಹಿಡಿದಿದ್ದಳು. ಫೋನಿನಲ್ಲಿ ಉಸಿರು ಕೇಳಿಸಿದ ಕೂಡಲೇ ಅವಳು ಹಿಂದೆಂದೂ ಸೊಸೆಯ ಮೇಲೆ ಎತ್ತದ ದನಿ ಎತ್ತಿದಳು.

“ಇನ್ನೊಮ್ಮೆ ಇಳದಿ ಅಂದ್ರ ನನ್ನ ಆಣಿ ಅದ ನೋಡು! ಕೂಸಿನ್ನ ನಾ ಸಂಬಾಳಸ್ತೀನಿ. ನೀ ಸುಮ್ಮ ಕೂಡು. ಕೂತೇ ಇರಬೇಕು!”

ಸಂಬಾಳಿಸುತ್ತೇನೆ ಎಂದು ಹೇಳಿದ್ದಾಯಿತು. ಹ್ಯಾಗೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು ಚಪ್ಪರದಡಿ ಅತ್ತಿಂದಿತ್ತ ತಿರುಗಿದಳು. ಅಷ್ಟರಲ್ಲಿ ಸಾಜಿದ ಬಂದಳು. ಅವಳ ಕೂಸು ಮಹೆಬೂಬ ಹೊಟ್ಟೆ ತುಂಬಿ ಹೆಗಲ ಮೇಲೆ ನಿದ್ದೆ ಹೋಗಿತ್ತು.

“ಡರೋ ನಕ್ಕೋ ಅಮ್ಮಾ,” ಎಂದಳು. ಹೆದರಬೇಡ. ತನ್ನ ಗಂಡ ಹೀಗೆ ಹೂತು ಕೂಡುವುದು ಹೊಸದಲ್ಲ, ನೀರು ತಿರುಗಿದರೆ ತಾನಾಗಿ ಬರುತ್ತಾನೆ, ಬಂದು ಇದು ಸಮುದ್ರದ ತಪ್ಪೆಂದು ಹೇಳುತ್ತಾನೆ ಎಂದು ನಗಿಸಲು ನೋಡಿದಳು. ದ್ರೌಪತಿ ನಗಲಿಲ್ಲ. ಸಾಜಿದ ಪ್ರಜ್ಞಾಳ ಒಣಗಿದ ತುಟಿಗೆ ಬೆರಳು ತಾಗಿಸಿದಳು. ಕೂಸು ತಟ್ಟನೆ ಅಳು ನಿಲ್ಲಿಸಿ ಆ ಬೆರಳನ್ನು ಚೀಪಿತು. ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿದರು.

“ನಾನು ಕುಡಿಸಲೇ?” ಎಂದು ಸಾಜಿದ ಮೆಲ್ಲಗೆ ಕೇಳಿದಳು.

ದ್ರೌಪತಿಗೆ ಒಂದು ಕ್ಷಣ ಏನೇನೋ ತಲೆಯಲ್ಲಿ ಹಾದುಹೋದವು. ತಾಯಿಯನ್ನು ಕೇಳದೆ ಇಂಥದನ್ನು ಮಾಡಬಹುದೇ? ಫೋನು ಹಚ್ಚಿ ಕೇಳಿದರೆ, ಅಲ್ಲಿ ಕೂತವಳ ಜೀವ ಎಷ್ಟು ಕುದಿದೀತು? ಇವಳಿಗೆ ನಾವು ಯಾರು, ಎಂಥವರು ಗೊತ್ತೇ? ಗೊತ್ತಾದರೆ? ಅಷ್ಟರಲ್ಲಿ ಕೂಸು ಬೆರಳು ಬಿಟ್ಟು ಮತ್ತೆ ಚೀರಿತು. ದ್ರೌಪತಿ ಮಹೆಬೂಬನನ್ನು ಅವಳ ಹೆಗಲಿನಿಂದ ಎತ್ತಿಕೊಂಡು, ತನ್ನ ಮೊಮ್ಮಗಳನ್ನು ಅವಳ ಮಡಿಲಿಗೆ ಹಾಕಿದಳು.

ಸಾಜಿದ ಸಮುದ್ರಕ್ಕೆ ಬೆನ್ನು ಹಾಕಿ ಕೂತು, ಸೆರಗು ಮರೆಮಾಡಿ, ಬಾಯೊಳಗೆ ಏನೋ ಹೇಳಿಕೊಂಡು ಕೂಸಿಗೆ ಮೊಲೆ ಕೊಟ್ಟಳು. ಮೊದಲು ತಡವರಿಸಿತು, ಬಿಟ್ಟಿತು, ಮತ್ತೆ ಹುಡುಕಿತು. ಆಮೇಲೆ ಗುಟುಕು ಗುಟುಕಾಗಿ ಕುಡಿಯುವ ಸಪ್ಪಳ ಕೇಳಿಸಿತು. ದ್ರೌಪತಿ ಮಹೆಬೂಬನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಲ್ಲೇ ನೆಲಕ್ಕೆ ಕೂತಳು. ಕಣ್ಣಲ್ಲಿ ನೀರು ತುಂಬಿ ಬಂದದ್ದು ಅವಳಿಗೇ ತಡವಾಗಿ ತಿಳಿಯಿತು.

“ನಾವು ಬುದ್ಧನ ಮಂದಿ. ಮೊದಲು ಊರ ಹೊರಗಿದ್ದವರು,” ಎಂದು ಇದ್ದಕ್ಕಿದ್ದಂತೆ ಹೇಳಿದಳು. ಹೇಳಬೇಕೆನಿಸಿತು, ಹೇಳಿದಳು.

ಸಾಜಿದ ಕೂಸಿನ ಹಣೆಯ ಬೆವರು ಒರೆಸಿದಳು. “ನಾವು ಈಗಲೂ ಊರ ಹೊರಗೇ ಇದ್ದೀವಿ ಅಮ್ಮಾ. ನೋಡು, ಇದರಾಚೆ ಊರು ಎಲ್ಲಿದೆ?” ಎಂದು ಕತ್ತು ಹೊರಳಿಸಿ ಬೆನ್ನ ಹಿಂದಿನ ಸಮುದ್ರವನ್ನು ಗದ್ದದಿಂದ ತೋರಿಸಿದಳು. ಆಗ ದ್ರೌಪತಿಗೆ ನಗು ಬಂತು.

ಆಮೇಲೆ ಫೋನು ಹಚ್ಚಿ, ಕೂಸು ಮಲಗಿದೆ, ಹೊಟ್ಟೆ ತುಂಬಿದೆ ಎಂದಷ್ಟೇ ಹೇಳಿದಳು. ಹ್ಯಾಗೆ ಎಂದು ರತ್ನಮಾಲಾ ಕೇಳಲಿಲ್ಲ. ಅತ್ತ ಕಡೆಯಿಂದ “ಹೂಂ” ಎಂದಷ್ಟೇ ಬಂತು.

ಬಿಸಿಲು ಇಳಿದ ಮೇಲೆ ನೀರು ತಿರುಗಿತು. ಮೊದಲು ಕೆಸರಿನ ಬಯಲಿನ ಸಣ್ಣ ಕಾಲುವೆಗಳಲ್ಲಿ ಹಾವಿನಂತೆ ಹರಿದು ಬಂತು, ಆಮೇಲೆ ಇಡೀ ಬಯಲು ಮುಚ್ಚಿತು. ದೋಣಿ ಅಲುಗಿತು. ದಂಡೆ ಇನ್ನೂ ದೂರವಿರುವಾಗಲೇ ರತ್ನಮಾಲಾ ನೀರಿಗಿಳಿದು, ಬೂದು ಕೆಸರು ಮೆತ್ತಿದ ಬಟ್ಟೆಯಲ್ಲೇ ಓಡೋಡಿ ಬಂದಳು. ಪ್ರಜ್ಞಾ ಸಾಜಿದಳ ಮಡಿಲಲ್ಲಿ ಬಾಯಿ ಅರೆತೆರೆದು ನಿದ್ದೆ ಮಾಡುತ್ತಿತ್ತು.

ದ್ರೌಪತಿ ಎದ್ದು ನಿಂತು ಅಡ್ಡ ಬಂದಳು. ಸುತ್ತಿ ಬಳಸಿ ಹೇಳುವುದು ಅವಳಿಗೆ ಬರುತ್ತಿರಲಿಲ್ಲ. “ಸಾಜಿದ ಕುಡಿಸ್ಯಾಳ. ನಾನೇ ಹೂಂ ಅಂದೆ. ನಿನ್ನ ಕೇಳಲಿಲ್ಲ. ಸಿಟ್ಟು ಬಂದ್ರ ನನ್ನ ಮ್ಯಾಲ ಬರಲಿ.”

ರತ್ನಮಾಲಾ ನಿಂತಲ್ಲೇ ನಿಂತಳು. ಕೆಸರಿನ ಕೈ ಕೂಸಿಗೆ ಚಾಚಿ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಸಾಜಿದಳ ಪಕ್ಕದಲ್ಲಿ ಕುಸಿದು ಕೂತು, ಅವಳ ಭುಜಕ್ಕೆ ಹಣೆ ಹಚ್ಚಿ, ಬಿಕ್ಕಿ ಬಿಕ್ಕಿ ಅತ್ತಳು. ಸಾಜಿದ ಏನು ಮಾಡುವುದೆಂದು ತಿಳಿಯದೆ ಇನ್ನೊಂದು ಕೈಯಿಂದ ಅವಳ ತಲೆ ಸವರಿದಳು.

“ನಾ ಅಲ್ಲಿ ಕುಂತು ಅದನ್ನೇ ಬೇಡಾಕತ್ತಿದ್ದೆ ಅತ್ತಿ,” ಎಂದಳು ರತ್ನಮಾಲಾ ಕಡೆಗೆ ಮುಖ ಎತ್ತಿ. “ಯಾರರ ಒಬ್ಬರು ಕುಡಸಲಿ, ಯಾರರ ಆಗಲಿ ಅಂತ. ನನ್ನ ಎದಿ ಕಲ್ಲ ಆಗಿತ್ತು. ಕಡೀಕ ಆ ಕಡೆ ಮುಖಾ ಮಾಡಿ ಹಾಲು ನೀರಿಗಿ ಹಿಂಡಿದೆ.”

“ಹೋಗಲಿ ಬಿಡು,” ಎಂದಳು ದ್ರೌಪತಿ. “ಸಮುದ್ರಕ್ಕರ ಕುಡಿಸಿದಿ.”

ಅಳುತ್ತಿದ್ದವಳಿಗೆ ನಗು ಬಂತು. ದ್ರೌಪತಿ ಅದನ್ನು ದಖನಿಯಲ್ಲಿ ತಿರುಗಿಸಿ ಹೇಳಿದಾಗ ಸಾಜಿದ ನಕ್ಕ ನಗುವಿಗೆ ಎರಡೂ ಕೂಸು ಎಚ್ಚರಾದವು. ಶಂಶುದ್ದೀನ್ ದೋಣಿ ಕಟ್ಟಿ ಬಂದು, ತಪ್ಪು ತನ್ನದಲ್ಲ, ಸಮುದ್ರದ್ದು ಎಂದ. ಯಾಕೆ ಎಲ್ಲರೂ ಇನ್ನಷ್ಟು ನಕ್ಕರೆಂದು ಅವನಿಗೆ ತಿಳಿಯಲಿಲ್ಲ. ಅವನ ತಾಯಿ ಮನೆಯಿಂದ ಬಂದು ಎಲ್ಲ ಕೇಳಿಸಿಕೊಂಡು, ಗಂಭೀರವಾಗಿ ತೀರ್ಪು ಕೊಟ್ಟಳು: ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರು. ಇನ್ನು ಈ ಹುಡುಗ ಈ ಹುಡುಗಿಗೆ ಅಣ್ಣ. ಇದು ಸಾಯುವವರೆಗೆ ಬಿಡುವ ಸಂಬಂಧವಲ್ಲ.

ಮರುದಿನ ರತ್ನಮಾಲಾ ಅತ್ತೆಯನ್ನು ದೋಣಿಯಲ್ಲಿ ಕೂರಿಸಿಕೊಂಡು ಸ್ವಲ್ಪ ದೂರ ಕರೆದೊಯ್ದಳು. ಎರಡು ನೀರು ಕೂಡುವಲ್ಲಿ ಗಾಜಿನ ಲೋಟ ತುಂಬಿ ಬಿಸಿಲಿಗೆ ಹಿಡಿದಳು. ನೀರೊಳಗೆ ಕೆಸರು ಸಣ್ಣ ಸಣ್ಣ ಹಿಂಜಿದ ಅರಳೆಯಂತೆ ಒಂದಕ್ಕೊಂದು ಅಂಟಿಕೊಂಡು ಮೆಲ್ಲಗೆ ಇಳಿಯುತ್ತಿತ್ತು. “ಹಿಂಗ ಇಳದು ಇಳದು ದಿಬ್ಬ ಆಗತದ್ರಿ. ಮುಂದಿನ ಉಬ್ಬರ ಮತ್ತ ಎಬ್ಬಸ್ತದ, ಮ್ಯಾಲಕ್ಕ ತಳ್ಳತದ, ತಿರುಗಿ ಕೆಳಗ ತರತದ. ಒಂದೇ ಸಲಕ್ಕ ಹೋಗಂಗಿಲ್ಲ. ಎಷ್ಟು ಸರ್ತಿ ಹೋಗಿ ಬಂದು ಆಮ್ಯಾಲ ಎಲ್ಲೋ ಒಂದು ಕಡೆ ನೆಲಾ ಹಿಡೀತದ.”

ದ್ರೌಪತಿ ಲೋಟವನ್ನು ತಾನೇ ಹಿಡಿದುಕೊಂಡು, ಎಲ್ಲ ಇಳಿದು ನೀರು ತಿಳಿಯಾಗುವ ತನಕ ನೋಡಿದಳು.

ರತ್ನಮಾಲಾ ಕೆಲಸ ಬಿಡಲಿಲ್ಲ. ಊರಿಗೆ ಮರಳಿದ ಮೇಲೆ ಚನ್ನಬಸಪ್ಪನ ಹೊಲದ ಬದುವನ್ನು ಎಲ್ಲಿ ಎತ್ತರಿಸಬೇಕು, ಎಲ್ಲಿ ನೀರು ಹೋಗಲು ಕಲ್ಲಿನ ಕಂಡಿ ಬಿಡಬೇಕು ಎಂದು ಅವನೂ ಅವಳೂ ಎರಡು ದಿನ ತಿರುಗಾಡಿ ಗುರುತು ಹಾಕಿದರು. “ಒಂದು ಚಿಟಿಕಿ ಮುಟ್ಯಾದಂತ,” ಎಂದು ದ್ರೌಪತಿ ಅವನಿಗೆ ಹೇಳಿದಳು. ಅವನು ಬದುವಿಗೆ ಕಲ್ಲು ಇಡುತ್ತ, “ಅಷ್ಟರ ಮುಟ್ಟಿತಲ್ಲ,” ಎಂದ.

ಸಾಜಿದಳ ಫೋನು ಹದಿನೈದು ದಿನಕ್ಕೊಮ್ಮೆಯಾದರೂ ಬರುತ್ತಿತ್ತು. ಬಂದರೆ ರತ್ನಮಾಲಾಳಿಗೆ ಮಾತಾಡಲು ಸರದಿಯೇ ಸಿಗುತ್ತಿರಲಿಲ್ಲ. ಮುಂದಿನ ವರ್ಷ ಬೇಸಿಗೆಯಲ್ಲಿ ಶಂಶುದ್ದೀನ್ ಬಸವಕಲ್ಯಾಣದ ದರ್ಗಾಕ್ಕೆ ಹರಕೆ ತೀರಿಸುವ ನೆಪ ಮಾಡಿಕೊಂಡು ಹೆಂಡತಿ ಮಗನೊಂದಿಗೆ ಬಂದ. ಸಂಘರತ್ನ ಅವರನ್ನು ಹುಮನಾಬಾದಿನಿಂದ ಆಟೋದಲ್ಲಿ ಮನೆಗೆ ಕರೆತಂದ. ಒಣಮೀನಿನ ಗಂಟು ಬಿಚ್ಚಿದಾಗ ವಾಸನೆಗೆ ವೈಜಿನಾಥ ಅಂಗಳಕ್ಕೆ ಓಡಿದ; ಹುರಿದು ತಾಟಿಗೆ ಬಡಿಸಿದ ಮೇಲೆ ಎರಡು ಸಲ ಹಾಕಿಸಿಕೊಂಡ.

ಊಟವಾದ ಮೇಲೆ ಸಾಜಿದ ಕೇಳಿದಳು, “ನೀವು ಯಾವ ನೀರಿನ ಬೆನ್ನು ಹತ್ತಿ ನಮ್ಮಲ್ಲಿಗೆ ಬಂದಿದ್ದಿರೋ ಆ ನದಿ ತೋರಿಸಿ.”

ಬಿಸಿಲು ತಣಿದ ಮೇಲೆ ಎಲ್ಲರೂ ಹೋದರು. ಸಾಜಿದ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದಳು. ಹನಿ ನೀರಿರಲಿಲ್ಲ. ಬಿರುಕು ಬಿಟ್ಟ ಕೆಸರು, ನಡುವೆ ಒಂದು ಪಟ್ಟಿ ಮರಳು, ಆಚೆ ಜಾಲಿ ಗಿಡದ ನೆರಳಲ್ಲಿ ಎರಡು ಆಡು.

“ಇತನೀಚ್?” ಎಂದಳು. ಇಷ್ಟೇನಾ?

“ಮಳಿಗಾಲದಾಗ ಬಂದು ನೋಡು,” ಎಂದು ದ್ರೌಪತಿ ಸ್ವಲ್ಪ ಮುನಿಸಿನಿಂದಲೇ ಹೇಳಿದಳು. ಸಾಜಿದ ನಗು ತಡೆಯಲಾರದೆ ಅವಳ ತೋಳು ಹಿಡಿದುಕೊಂಡಳು.

ಮಕ್ಕಳಿಬ್ಬರನ್ನೂ ಸಂಘರತ್ನ ಆಗಲೇ ಕೆಳಗಿಳಿಸಿದ್ದ. ಮಹೆಬೂಬ ಮರಳು ತೋಡಿ ಗುಂಡಿ ಮಾಡುತ್ತಿದ್ದ. ಪ್ರಜ್ಞಾ ತಟ್ಟಾಡುವ ಹೆಜ್ಜೆಯಲ್ಲಿ ಓಡಾಡುತ್ತ ಮುಷ್ಟಿ ಮುಷ್ಟಿ ಮರಳು ತಂದು ಅದನ್ನು ತುಂಬುತ್ತಿದ್ದಳು. ಅವನು ಸಿಟ್ಟಿಗೆದ್ದು ಕೂಗಿದ. ಅವಳು ಇನ್ನೂ ಜೋರಾಗಿ ಕೂಗಿದಳು. ರತ್ನಮಾಲಾ ಇಳಿದುಹೋಗಿ ಇಬ್ಬರ ನಡುವೆ ಕೂತು, ತಾನೂ ಒಂದು ಗುಂಡಿ ತೋಡತೊಡಗಿದಳು. ದ್ರೌಪತಿ ಮತ್ತು ಸಾಜಿದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಕತ್ತಲಾಗುವ ಮೊದಲು ಯಾರು ಯಾರನ್ನು ಎತ್ತಿಕೊಂಡು ಮನೆಗೆ ಹೋಗಬೇಕೆಂದು ಮಾತಾಡಿಕೊಂಡರು.